ಬೋಧಗಯೆಯ ಮಹಾಬೋಧಿ ಗುಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಶಿ, ಪ್ರಯಾಗ, ಗಯೆ ಎಂದು ಯಾತ್ರೆ ಹೋಗುವ ಕನ್ನಡಿಗರು ಬಹಳ ಜನ. ಗಯೆಯಲ್ಲಿ ಪಿಂಡದಾನ ಮುಗಿದ ಮೇಲೆ ಟೂರಿನವರು ಬೋಧಗಯೆಗೂ ಕರೆದುಕೊಂಡು ಹೋಗುತ್ತಾರೆ. ಅರಳಿ ಮರಕ್ಕೆ ಒಂದು ಸುತ್ತು, ಬುದ್ಧನಿಗೆ ಒಂದು ನಮಸ್ಕಾರ, ಆಮೇಲೆ ಎಲ್ಲರೂ ಬಸ್ಸು ಹತ್ತುತ್ತಾರೆ. ಕಟ್ಟಡವನ್ನು ನಿಂತು ನೋಡುವವರು ಕಡಿಮೆ. ಇದು ಯಾವನೋ ಒಬ್ಬ ರಾಜ ಒಂದು ಸಲ ಕಟ್ಟಿಸಿ ಬಿಟ್ಟುಹೋದ ಗುಡಿಯಲ್ಲ. ಕುಸಿದಾಗಲೆಲ್ಲ ದೂರದ ಊರಿನವರು ಬಂದು ಎತ್ತಿ ನಿಲ್ಲಿಸಿದ ಗುಡಿ. ಅದು ಗೊತ್ತಿದ್ದರೆ ನೋಡುವ ಕಣ್ಣೇ ಬೇರೆ. ಹೋಗುವವರು, ಹೋಗಿ ಬಂದವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಈ ಗುಡಿ ಎಲ್ಲಿದೆ? ಯಾಕೆ ಇಷ್ಟು ಮುಖ್ಯ?

ಬಿಹಾರದ ಗಯಾ ಜಿಲ್ಲೆಯಲ್ಲಿ, ಗಯಾ ಪಟ್ಟಣದಿಂದ ಸುಮಾರು 12 ಕಿ.ಮೀ. ದೂರದಲ್ಲಿದೆ. ಪಕ್ಕದಲ್ಲೇ ನಿರಂಜನಾ ನದಿ. ಇದೇ ನೀರು ಮುಂದೆ ಫಲ್ಗು ಆಗಿ ಗಯೆಯ ವಿಷ್ಣುಪಾದದ ಮುಂದೆ ಹರಿಯುತ್ತದೆ. ಸಿದ್ಧಾರ್ಥ ಇಲ್ಲಿನ ಅರಳಿ ಮರದ ಕೆಳಗೆ ಕೂತು ಬುದ್ಧನಾದ. ಅವನು ಹುಟ್ಟಿದ ಲುಂಬಿನಿ, ಮೊದಲ ಉಪದೇಶ ಕೊಟ್ಟ ಸಾರನಾಥ, ಕೊನೆಯುಸಿರೆಳೆದ ಕುಶಿನಗರ, ಈ ಮೂರರ ಜೊತೆ ಬೋಧಗಯೆಯೂ ಬೌದ್ಧರ ನಾಲ್ಕು ದೊಡ್ಡ ಕ್ಷೇತ್ರಗಳಲ್ಲೊಂದು. 2002ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ಕಟ್ಟಿಸಿದ್ದು ಅಶೋಕನೇ ಅಲ್ವಾ?

ಗೈಡುಗಳು ಹಾಗೇ ಹೇಳುತ್ತಾರೆ. ಅದರಲ್ಲಿ ಅರ್ಧ ನಿಜ ಇದೆ. ಪಟ್ಟಕ್ಕೆ ಬಂದು ಹತ್ತು ವರ್ಷವಾದಾಗ ತಾನು ಸಂಬೋಧಿಗೆ ಹೋಗಿದ್ದೆ ಎಂದು ಅಶೋಕ ತನ್ನ 8ನೇ ಬಂಡೆ ಶಾಸನದಲ್ಲಿ ಹೇಳಿಸಿದ್ದಾನೆ. ಆ ಸಂಬೋಧಿಯೇ ಈ ಜಾಗ. ಕ್ರಿ.ಪೂ. 3ನೇ ಶತಮಾನದಲ್ಲಿ ಅವನ ಕಾಲಕ್ಕೆ ಇಲ್ಲಿ ಮೊದಲ ಪೂಜಾಸ್ಥಳ ಎದ್ದಿತು.

ಆದರೆ ಅದು ಗೋಪುರದ ಗುಡಿ ಆಗಿರಲಿಲ್ಲ. ಆಗಿನವರಿಗೆ ಪೂಜೆಗೆ ಇದ್ದದ್ದು ಮರ ಮತ್ತು ಅದರ ಕೆಳಗಿನ ಆಸನ. ಬುದ್ಧನ ವಿಗ್ರಹ ಮಾಡುವ ರೂಢಿ ಇನ್ನೂ ಬಂದಿರಲಿಲ್ಲ. ಆ ಮೊದಲ ಗುಡಿ ಹೇಗಿತ್ತು ಎಂದು ನೋಡಲು ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂಗೆ ಹೋಗಬೇಕು. ಮಧ್ಯಪ್ರದೇಶದ ಭಾರ್ಹುತ್ ಸ್ತೂಪದ ಕಲ್ಲುಗಳು ಅಲ್ಲಿವೆ. ಅವುಗಳಲ್ಲಿ ಒಂದರ ಮೇಲೆ ಈ ಬೋಧಿ ಮರದ ಗುಡಿಯನ್ನು ಕೆತ್ತಿದ್ದಾರೆ. ಕಂಬಗಳ ಮೇಲೆ ನಿಂತ ತೆರೆದ ಮಂಟಪ, ನಡುವೆ ಆಸನ, ಮೇಲೆ ಆಕಾಶಕ್ಕೆ ಚಾಚಿದ ಕೊಂಬೆಗಳು. ಶಾಕ್ಯಮುನಿಯ, ಅಂದರೆ ಬುದ್ಧನ ಬೋಧಿ ಇದು ಎಂದು ಬ್ರಾಹ್ಮಿಯಲ್ಲಿ ಬರೆದೂ ಇದೆ. ಈಗ ನಾವು ನೋಡುವ ಎತ್ತರದ ಗೋಪುರ ಇದಾಗಿ ಎಷ್ಟೋ ಶತಮಾನ ಕಳೆದ ಮೇಲೆ ಬಂದದ್ದು.

ಹಾಗಾದರೆ ಈಗಿರುವ ಇಟ್ಟಿಗೆ ಗುಡಿ ಎಷ್ಟು ಹಳೆಯದು?

ಸಾಮಾನ್ಯವಾಗಿ ಒಪ್ಪುವ ಕಾಲ ಕ್ರಿ.ಶ. 5–6ನೇ ಶತಮಾನ, ಅಂದರೆ ಗುಪ್ತರ ಕೊನೆಗಾಲ. ಪೂರ್ತಿ ಇಟ್ಟಿಗೆಯಲ್ಲಿ ಕಟ್ಟಿ ಇವತ್ತಿಗೂ ನಿಂತಿರುವ ಭಾರತದ ಅತಿ ಹಳೆಯ ಬೌದ್ಧ ಗುಡಿಗಳಲ್ಲಿ ಇದೂ ಒಂದು.

ಇದಕ್ಕೆ ಗಟ್ಟಿ ಸಾಕ್ಷಿ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್. ಅವನು 7ನೇ ಶತಮಾನದಲ್ಲಿ ಇಲ್ಲಿಗೆ ಬಂದ. ನೀಲಿ ಛಾಯೆಯ ಇಟ್ಟಿಗೆ, ಮೇಲೆ ಸುಣ್ಣದ ಗಾರೆ, ಸಾಲು ಸಾಲಾಗಿ ಗೂಡುಗಳು, ಪ್ರತಿ ಗೂಡಿನಲ್ಲೂ ಹೊನ್ನಿನ ಬಣ್ಣದ ಮೂರ್ತಿ, ತುದಿಯಲ್ಲಿ ಚಿನ್ನದ ನೀರು ಕೊಟ್ಟ ತಾಮ್ರದ ಆಮಲಕ (ನೆಲ್ಲಿಕಾಯಿ ಆಕಾರದ ಗುಂಡು) ಎಂದು ವಿವರವಾಗಿ ಬರೆದ. ಎತ್ತರ 160–170 ಚೀನೀ ಅಡಿ ಎಂದ. ಈಗ ಗುಡಿ 50 ಮೀಟರಿಗಿಂತ ತುಸು ಎತ್ತರವಿದೆ. ಎರಡೂ ಲೆಕ್ಕ ಹೆಚ್ಚು ಕಡಿಮೆ ತಾಳೆಯಾಗುತ್ತವೆ. ಅವನು ನೋಡಿದ್ದೇ ನಮ್ಮ ಮುಂದಿರುವ ಗುಡಿಯ ಒಡಲು ಎನ್ನಲು ಇದಕ್ಕಿಂತ ಏನು ಬೇಕು?

ಪಾಟ್ನಾದ ಕುಮ್ರಾಹಾರ್‌ನಲ್ಲಿ ಒಂದು ಪುಟ್ಟ ಸುಟ್ಟ ಮಣ್ಣಿನ ಬಿಲ್ಲೆ ಸಿಕ್ಕಿದೆ. ಅದರ ಮೇಲೂ ಇದೇ ತರಹದ ಎತ್ತರದ ಗೋಪುರ ಇದೆ. ಹಾಗಾಗಿ ಗುಪ್ತರಿಗಿಂತ ಮುಂಚೆಯೇ ಇಲ್ಲಿ ಗೋಪುರ ಇತ್ತು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ.

ಕಲ್ಲು ಬಿಟ್ಟು ಇಟ್ಟಿಗೆ ಯಾಕೆ?

ನಮಗೆ ಈ ಪ್ರಶ್ನೆ ಬರುವುದು ಸಹಜ. ಬಾದಾಮಿ, ಹಂಪಿ, ಬೇಲೂರು ನೋಡಿ ಬೆಳೆದ ನಮಗೆ ಹಳೆಯ ಗುಡಿ ಎಂದರೆ ಕಲ್ಲೇ. ಗಂಗಾ ಬಯಲಿನಲ್ಲಿ ಹಾಗಲ್ಲ. ಅಲ್ಲಿ ನದಿ ತಂದು ಹಾಕಿದ ಮೆಕ್ಕಲು ಮಣ್ಣು ಬೇಕಾದಷ್ಟು. ಸುಡಲು ಕಟ್ಟಿಗೆಯೂ ಇತ್ತು. ಕಾನ್ಪುರದ ಹತ್ತಿರ ಭೀತರ್‌ಗಾಂವ್‌ನಲ್ಲಿರುವ ಗುಪ್ತರ ಕಾಲದ ಗುಡಿಯೂ ಇಟ್ಟಿಗೆಯದೇ. ನಾಲಂದಾದ ವಿಹಾರಗಳೂ, ಅಂದರೆ ಭಿಕ್ಷುಗಳ ಮಠಗಳೂ, ಇಟ್ಟಿಗೆಯವೇ. ಗಯೆಯ ಸುತ್ತ ಗ್ರಾನೈಟ್ ಗುಡ್ಡಗಳಿವೆ ನಿಜ. ಆ ಕಲ್ಲನ್ನು ಬೇಲಿಗೆ, ಕಂಬಕ್ಕೆ ಬಳಸಿದರು. ಗೋಪುರದಷ್ಟು ಎತ್ತರಕ್ಕೆ ಏರಿಸಲು ಅವರು ನೆಚ್ಚಿದ್ದು ಇಟ್ಟಿಗೆಯನ್ನೇ.

ಇಟ್ಟಿಗೆಯ ಕಷ್ಟ ಏನೆಂದರೆ ಗಾರೆ ಉದುರಿದರೆ ಮಳೆ ನೀರು ಒಳಗೆ ಇಳಿಯುತ್ತದೆ. ಸಂದಿಯಲ್ಲಿ ಅರಳಿ, ಆಲದ ಬೀಜ ಬಿದ್ದು ಮೊಳೆಯುತ್ತದೆ. ಎರಡು ತಲೆಮಾರು ಯಾರೂ ಕೈಯಿಡದಿದ್ದರೆ ಮುಗಿಯಿತು. ಇಟ್ಟಿಗೆ ಗುಡಿ ಉಳಿಯಬೇಕೆಂದರೆ ದುರಸ್ತಿ ಮಾಡುವವರು ಬರುತ್ತಲೇ ಇರಬೇಕು. ಇಲ್ಲಿ ಬರುತ್ತಲೇ ಇದ್ದರು.

ಗೋಪುರದಲ್ಲಿ ಏನನ್ನು ಗಮನಿಸಬೇಕು?

ಮೊದಲು ಅದರ ಅಂಚು ನೋಡಿ. ಕೆಳಗಿನಿಂದ ತುದಿಯವರೆಗೆ ನೇರ ಗೆರೆ. ಪಟ್ಟದಕಲ್ಲಿನ ಗಳಗನಾಥ ಗುಡಿಯ ಶಿಖರ ನೆನಪಿಸಿಕೊಳ್ಳಿ. ಅದು ಮೇಲೆ ಹೋಗುತ್ತಾ ಒಳಕ್ಕೆ ಬಾಗುತ್ತದೆ. ಇದು ಬಾಗುವುದಿಲ್ಲ, ಸುಮ್ನೆ ಕಿರಿದಾಗುತ್ತಾ ಹೋಗುತ್ತದೆ. ಉತ್ತರ ಭಾರತದ ಶಿಖರಗಳು ಬಾಗು ಕಲಿಯುವುದಕ್ಕೆ ಮುಂಚಿನ ರೂಪ ಇದು.

ಆಮೇಲೆ ಗೂಡುಗಳ ಸಾಲು. ನಾಲ್ಕೂ ಮುಖದಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಗೂಡುಗಳು ಬರುತ್ತವೆ. ಮೇಲೆ ಹೋದಂತೆ ಚಿಕ್ಕವಾಗುತ್ತವೆ. ಗೋಪುರ ಇರುವುದಕ್ಕಿಂತ ಎತ್ತರವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಮೂಲೆಗಳನ್ನು ನೋಡಿದರೆ ಅಲ್ಲಲ್ಲಿ ನೆಲ್ಲಿಕಾಯಿಯ ಹೋಳಿನಂತೆ ಗೆರೆ ಬಿದ್ದ ಚಪ್ಪಟೆ ಗುಂಡುಗಳಿವೆ. ಅವೇ ಆಮಲಕಗಳು. ಅವುಗಳಿಂದ ಅಂತಸ್ತು ಲೆಕ್ಕ ಹಾಕಬಹುದು. ತುದಿಯಲ್ಲಿ ದೊಡ್ಡ ಆಮಲಕ, ಅದರ ಮೇಲೆ ಸ್ತೂಪದ ಆಕಾರದ ಕಳಸ. ಹಿಂದೂ ಗುಡಿಯ ಶಿಖರ, ಬೌದ್ಧರ ಸ್ತೂಪ ಎರಡೂ ಒಂದೇ ಕಟ್ಟಡದಲ್ಲಿ ಕೂಡಿವೆ.

ಗೋಪುರ ನಿಂತಿರುವುದು ಚೌಕಾಕಾರದ ಎತ್ತರದ ಜಗಲಿಯ ಮೇಲೆ. ಅದರ ನಾಲ್ಕು ಮೂಲೆಗಳಲ್ಲಿ ದೊಡ್ಡದರ ಪಡಿಯಚ್ಚಿನಂತಿರುವ ನಾಲ್ಕು ಪುಟ್ಟ ಗೋಪುರಗಳು. ಬಾಗಿಲು ಪೂರ್ವಕ್ಕಿದೆ. ಬಾಗಿಲಿನ ಮೇಲೆ, ಗೋಪುರದ ಮೈಯಲ್ಲಿ, ಚೂಪಾದ ತ್ರಿಕೋನದ ದೊಡ್ಡ ತೆರಪು ಕಾಣುತ್ತದೆ. ಒಳಗೆ ಇಟ್ಟಿಗೆಯ ಕಮಾನು ಛಾವಣಿ. ಭಾರತದಲ್ಲಿ ನಿಜವಾದ ಕಮಾನು ಬಂದದ್ದು ಸುಲ್ತಾನರ ಕಾಲದಲ್ಲಿ ಎಂದು ಶಾಲೆಯಲ್ಲಿ ಓದಿದವರಿಗೆ ಇಲ್ಲಿ, ಭೀತರ್‌ಗಾಂವ್‌ನಲ್ಲಿ ಆಶ್ಚರ್ಯ ಕಾದಿರುತ್ತದೆ. ಈ ಗುಡಿಯ ಕಮಾನುಗಳಲ್ಲಿ ಎಷ್ಟು ಗುಪ್ತರದ್ದು, ಎಷ್ಟು ಆಮೇಲೆ ದುರಸ್ತಿಗೆ ಬಂದ ಬರ್ಮಾದವರದ್ದು ಎಂಬ ಚರ್ಚೆ 19ನೇ ಶತಮಾನದಿಂದ ನಡೆದೇ ಇದೆ.

ಗುಡಿ ತಗ್ಗಿನಲ್ಲಿ ಯಾಕಿದೆ?

ಗುಡಿ ತಗ್ಗಿಗೆ ಹೋಗಿಲ್ಲ, ಸುತ್ತಲಿನ ನೆಲ ಮೇಲೆ ಬಂದಿದೆ. ಎರಡು ಸಾವಿರ ವರ್ಷಗಳ ಹೂಳು, ಬಿದ್ದ ಕಟ್ಟಡಗಳ ಮಣ್ಣು ಸೇರಿ ಸುಮಾರು 5 ಮೀಟರ್ ಏರಿದೆ. ಅದಕ್ಕೇ ಮೆಟ್ಟಿಲು ಇಳಿದು ಹೋಗಬೇಕು.

ಸುತ್ತಲಿನ ಕಲ್ಲಿನ ಬೇಲಿಯನ್ನು ನಿಂತು ನೋಡಬೇಕಾ?

ಖಂಡಿತ ನೋಡಬೇಕು. ನನ್ನ ಕೇಳಿದರೆ ಅರ್ಧ ಗಂಟೆ ಮಾತ್ರ ಇದ್ದರೆ ಅದರಲ್ಲಿ ಹತ್ತು ನಿಮಿಷ ಇದಕ್ಕೇ ಕೊಡಿ.

ಈ ಬೇಲಿ ಗೋಪುರಕ್ಕಿಂತ ಹಳೆಯದು. ಎರಡು ತರಹದ ಕಂಬಗಳಿವೆ. ಮರಳುಗಲ್ಲಿನವು ಕ್ರಿ.ಪೂ. 2–1ನೇ ಶತಮಾನದವು. ಗ್ರಾನೈಟಿನವು ಗುಪ್ತರ ಕಾಲದಲ್ಲಿ ಬೇಲಿಯನ್ನು ದೊಡ್ಡದು ಮಾಡಿದಾಗ ಸೇರಿಸಿದವು. ಹಳೆಯ ಕಂಬವೊಂದರ ಮೇಲೆ ಸೂರ್ಯ ನಾಲ್ಕು ಕುದುರೆಯ ರಥದಲ್ಲಿ ನಿಂತಿದ್ದಾನೆ. ಎರಡೂ ಪಕ್ಕ ಬಿಲ್ಲು ಹಿಡಿದ ಇಬ್ಬರು ಹೆಂಗಸರು ಕತ್ತಲೆಯ ಮೇಲೆ ಬಾಣ ಬಿಡುತ್ತಿದ್ದಾರೆ. ಇನ್ನೊಂದರಲ್ಲಿ ಆನೆಗಳು ಲಕ್ಷ್ಮಿಗೆ ನೀರು ಹೊಯ್ಯುತ್ತಿವೆ. ಮತ್ತೊಂದರಲ್ಲಿ ಅನಾಥಪಿಂಡಿಕ ಎಂಬ ವರ್ತಕ ಬುದ್ಧನಿಗಾಗಿ ಜೇತವನವನ್ನು ಕೊಳ್ಳಲು ನೆಲದ ತುಂಬ ನಾಣ್ಯ ಹಾಸಿಸುತ್ತಿದ್ದಾನೆ.

ಇವೆಲ್ಲದರ ನಡುವೆ ಒಂದು ಹೆಸರು ಮತ್ತೆ ಮತ್ತೆ ಬರುತ್ತದೆ. "ಅಯಾಯೆ ಕುರಂಗಿಯೆ ದಾನಂ". ಪೂಜ್ಯಳಾದ ಕುರಂಗಿ ಕೊಟ್ಟ ದಾನ. ಅವಳು ಇಂದ್ರಾಗ್ನಿಮಿತ್ರ ಎಂಬ ರಾಜನ ಮನೆಯವಳು. ಅಶೋಕನ ಹೆಸರು ಎಲ್ಲರಿಗೂ ಗೊತ್ತು. ಈ ಬೇಲಿಯ ಎಷ್ಟೋ ಕಂಬಗಳಿಗೆ ದುಡ್ಡು ಕೊಟ್ಟ ಹೆಂಗಸಿನ ಹೆಸರನ್ನು ಗೈಡುಗಳು ಹೇಳುವುದೇ ಇಲ್ಲ. ಹೇಳಬೇಕು.

ಒಂದು ಮಾತು. ಗುಡಿಯ ಸುತ್ತ ಈಗ ಕಾಣುವ ಕಂಬಗಳಲ್ಲಿ ಬಹಳಷ್ಟು ನಕಲುಗಳು. ಅಸಲಿ ಕಲ್ಲುಗಳು ಹತ್ತಿರದಲ್ಲೇ ಇರುವ ಪುರಾತತ್ವ ಮ್ಯೂಸಿಯಂನಲ್ಲಿವೆ. ಅಲ್ಲಿಗೆ ಹೋಗದೆ ಬರಬೇಡಿ.

ವಜ್ರಾಸನ ಎಂದರೆ ಯಾವುದು?

ಗುಡಿಯ ಹಿಂಗೋಡೆಗೂ ಬೋಧಿ ಮರಕ್ಕೂ ನಡುವೆ ಇರುವ ನಯವಾದ ಮರಳುಗಲ್ಲಿನ ಚಪ್ಪಡಿ. ಅಶೋಕನ ಕಾಲದ್ದು ಎಂದು ಧೈರ್ಯವಾಗಿ ತೋರಿಸಬಹುದಾದ ವಸ್ತು ಇದು. ಅಂಚಿನಲ್ಲಿ ಹಂಸಗಳ ಸಾಲು ಕೆತ್ತಿದ್ದಾರೆ. ಅಶೋಕನ ಕಂಬಗಳ ಮೇಲೂ ಇದೇ ತರಹದ ಹಂಸಗಳಿವೆ. 1880ರ ದಶಕದ ದುರಸ್ತಿಯಲ್ಲಿ ಇದು ಬೆಳಕಿಗೆ ಬಂತು. ಸಾಮಾನ್ಯವಾಗಿ ಬಟ್ಟೆ, ಹೂವು ಮುಚ್ಚಿರುತ್ತವೆ. ಬೇಲಿಯ ಸಂದಿಯಿಂದ ಇಣುಕಬೇಕು.

ಬೋಧಿ ಮರ ಬುದ್ಧನ ಕಾಲದ್ದೇ?

ಅಲ್ಲ, ಆದರೆ ಅದೇ ವಂಶದ್ದು ಎಂಬುದು ನಂಬಿಕೆ. ಗೌಡ ದೇಶದ (ಈಗಿನ ಬಂಗಾಳದ ಕಡೆಯ) ರಾಜ ಶಶಾಂಕ ಮರವನ್ನು ಕಡಿಸಿದ, ಮಗಧದ ಪೂರ್ಣವರ್ಮ ಸಾವಿರ ಹಸುಗಳ ಹಾಲೆರೆದು ಚಿಗುರಿಸಿದ ಎಂದು ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ. 1876ರಲ್ಲಿ ಮುದಿ ಮರ ಬಿರುಗಾಳಿಗೆ ಉರುಳಿತು. ಈಗಿನದು 1881ರಲ್ಲಿ ನೆಟ್ಟದ್ದು. ಅಶೋಕನ ಮಗಳು ಸಂಘಮಿತ್ರೆ ಮೂಲ ಮರದ ಟೊಂಗೆಯನ್ನು ಲಂಕೆಗೆ ಒಯ್ದಳು ಎಂದು ಲಂಕೆಯ ಪುರಾತನ ಚರಿತ್ರೆಗಳು ಹೇಳುತ್ತವೆ. ಅನುರಾಧಪುರದಲ್ಲಿ ಆ ಮರವನ್ನು ಇವತ್ತಿಗೂ ಪೂಜಿಸುತ್ತಾರೆ.

ಒಳಗಿನ ಬುದ್ಧನ ವಿಗ್ರಹ ಮೊದಲಿನಿಂದಲೂ ಇತ್ತೇ?

ಈಗಿರುವುದು ಬಿಹಾರ, ಬಂಗಾಳ ಆಳಿದ ಪಾಲ ರಾಜರ ಕಾಲದ ಕಪ್ಪು ಕಲ್ಲಿನ ಮೂರ್ತಿ, ಮೇಲೆ ಚಿನ್ನದ ಬಣ್ಣ. ಬಲಗೈ ನೆಲ ಮುಟ್ಟುತ್ತದೆ. ತನ್ನ ಸಾಧನೆಗೆ ಭೂಮಿಯೇ ಸಾಕ್ಷಿ ಎಂದು ಬುದ್ಧ ಕರೆದ ಗಳಿಗೆ ಅದು. ಅದಕ್ಕಿಂತ ಹಳೆಯ ಮೂರ್ತಿಯ ಬಗ್ಗೆ ಹ್ಯೂಯೆನ್ ತ್ಸಾಂಗ್ ಒಂದು ಕಥೆ ಹೇಳುತ್ತಾನೆ. ಒಬ್ಬ ಅಪರಿಚಿತ ಬಂದು ಸುಗಂಧದ ಮಣ್ಣು, ಒಂದು ದೀಪ ಕೇಳಿದ. ಆರು ತಿಂಗಳು ಬಾಗಿಲು ತೆರೆಯಬೇಡಿ ಎಂದ. ಭಿಕ್ಷುಗಳಿಗೆ ತಡೆಯಲಾಗಲಿಲ್ಲ, ನಾಲ್ಕು ದಿನ ಮುಂಚೆ ತೆರೆದರು. ಮೂರ್ತಿ ಸಿದ್ಧವಾಗಿತ್ತು, ಎದೆಯ ಮೇಲೆ ಸ್ವಲ್ಪ ಭಾಗ ಮಾತ್ರ ಬಾಕಿ. ಮಾಡಿದವನು ಮುಂದೆ ಬುದ್ಧನಾಗಿ ಬರಲಿರುವ ಮೈತ್ರೇಯ ಬೋಧಿಸತ್ವನಂತೆ.

ಗುಡಿ ಪಾಳು ಬಿದ್ದದ್ದು ಯಾವಾಗ? ಯಾಕೆ?

12ನೇ ಶತಮಾನದ ಕೊನೆಯಿಂದ ತುರುಕರ ಸೈನ್ಯಗಳು ಬಿಹಾರಕ್ಕೆ ನುಗ್ಗಿದವು. ಪಾಲರ ಆಸರೆ ಆಗಲೇ ಹೋಗಿತ್ತು. 1234ರಲ್ಲಿ ಟಿಬೆಟಿನ ಧರ್ಮಸ್ವಾಮಿ ಎಂಬ ಭಿಕ್ಷು ಇಲ್ಲಿಗೆ ಬಂದ. ಅವನು ಕಂಡದ್ದನ್ನು ಓದಿದರೆ ಕರುಳು ಚುರುಕ್ ಎನ್ನುತ್ತದೆ. ಅಷ್ಟು ದೊಡ್ಡ ಕ್ಷೇತ್ರದಲ್ಲಿ ಉಳಿದಿದ್ದವರು ನಾಲ್ಕೇ ಭಿಕ್ಷುಗಳು. ಅವರು ಬುದ್ಧನ ಮೂರ್ತಿಯ ಮುಂದೆ ಇಟ್ಟಿಗೆ ಗೋಡೆ ಕಟ್ಟಿ ಗಾರೆ ಬಳಿದಿದ್ದರು. ಅದರ ಹತ್ತಿರ ಬದಲಿಗೆ ಇನ್ನೊಂದು ಮೂರ್ತಿ ಇಟ್ಟಿದ್ದರು. ಹೊರಬಾಗಿಲನ್ನೂ ಮುಚ್ಚಿ, ಮೇಲೆ ಮಹೇಶ್ವರನ ಚಿತ್ರ ಬರೆದಿದ್ದರು. ಗುಡಿ ಉಳಿಯಲಿ ಎಂದು.

ಒಂದೇ ದಾಳಿಯಲ್ಲಿ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ವಿಹಾರಗಳಿಗೆ ದಾನ ನಿಂತಿತು, ಭಿಕ್ಷುಗಳು ಚದುರಿದರು, ಯಾತ್ರಿಕರು ಕಡಿಮೆಯಾದರು. ನಿಧಾನವಾಗಿ ಖಾಲಿಯಾಯಿತು.

ಮತ್ತೆ ಎತ್ತಿ ನಿಲ್ಲಿಸಿದವರು ಯಾರು?

ಹೊರಗಿನವರ ನೆರವು ಹೊಸದೇನಲ್ಲ. 4ನೇ ಶತಮಾನದಲ್ಲೇ ಲಂಕೆಯ ರಾಜ ಮೇಘವರ್ಣ ಸಮುದ್ರಗುಪ್ತನ ಒಪ್ಪಿಗೆ ಪಡೆದು ಇಲ್ಲಿ ಲಂಕೆಯ ಭಿಕ್ಷುಗಳಿಗೆ ವಿಹಾರ ಕಟ್ಟಿಸಿದ್ದ. ಲಂಕೆಯ ಮಹಾನಾಮ ಎಂಬ ಭಿಕ್ಷು 588ರ ಸುಮಾರಿಗೆ ಬುದ್ಧನಿಗೆ ಗುಡಿ ಕಟ್ಟಿಸಿದ ಶಾಸನ ಸಿಕ್ಕಿದೆ. 11ನೇ ಶತಮಾನದಲ್ಲಿ ಬರ್ಮಾದವರು ಬಂದು ದುರಸ್ತಿ ಮಾಡಿದರು. ನಾಲ್ಕೇ ಭಿಕ್ಷುಗಳಿದ್ದ ಆ ಕಾಲ ಕಳೆದ ಮೇಲೂ ಬಂದರು. 1298ರ ಬರ್ಮೀಸ್ ಶಾಸನ ಅದನ್ನು ಹೇಳುತ್ತದೆ.

1811ರಲ್ಲಿ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದ. ಟಿಪ್ಪು ಸತ್ತ ಮರುವರ್ಷ ಮೈಸೂರು, ಕೆನರಾ ಎಲ್ಲ ಸುತ್ತಿ ನಮ್ಮ ಬೆಳೆ, ಜಾತಿ, ಸಂತೆಗಳನ್ನು ಬರೆದಿಟ್ಟವನು ಅವನೇ. ಬೋಧಗಯೆಯಲ್ಲಿ ಅವನು ಕಂಡದ್ದು ಹಾಳುಬಿದ್ದ ಗೋಪುರ. ಕೆಲವು ವರ್ಷ ಮೊದಲು ಬರ್ಮಾದ ರಾಜನ ಕಡೆಯವರು ಬಂದು ಹೋಗಿದ್ದನ್ನು ಊರವರು ಅವನಿಗೆ ಹೇಳಿದರು.

1870ರ ದಶಕದಲ್ಲಿ ಬರ್ಮಾದ ರಾಜ ಮಿಂಡನ್ ಮತ್ತೆ ಕೆಲಸಗಾರರನ್ನು ಕಳಿಸಿದ. ಅವರ ಭಕ್ತಿಗೆ ಎಣೆಯಿರಲಿಲ್ಲ, ಆದರೆ ಹಳೆಯದನ್ನು ಕೆಡವಿ ಹೊಸದು ಮಾಡುವ ಆತುರವೂ ಇತ್ತು. ಬ್ರಿಟಿಷ್ ಸರ್ಕಾರ ವಿದ್ವಾಂಸ ರಾಜೇಂದ್ರಲಾಲ್ ಮಿತ್ರರನ್ನು ನೋಡಿ ಬರಲು ಕಳಿಸಿತು. ಕೊನೆಗೆ 1880ರಿಂದ 1884ರವರೆಗೆ ಪುರಾತತ್ವ ಇಲಾಖೆಯ ಮುಖ್ಯಸ್ಥ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಮೇಲ್ವಿಚಾರಣೆಯಲ್ಲಿ ಜೆ.ಡಿ. ಬೆಗ್ಲರ್ ಇಡೀ ಗುಡಿಯನ್ನು ದುರಸ್ತಿ ಮಾಡಿದರು.

ಅಂದರೆ ಇದು ಅಸಲಿ ಗುಡಿ ಅಲ್ಲ, ಬ್ರಿಟಿಷರು ಕಟ್ಟಿದ್ದು ಅಂತಾನಾ?

ಹಾಗೆ ಹೇಳುವುದು ತಪ್ಪು. ಗೋಪುರದ ಒಡಲು ಹಳೆಯದೇ. 1880ರ ಮೊದಲಿನ ಫೋಟೋಗಳಲ್ಲಿ ಮುಂಭಾಗ ಕುಸಿದಿದೆ, ಗಾರೆ ಉದುರಿದೆ, ಆದರೆ ಗೋಪುರ ನಿಂತೇ ಇದೆ. ಮೂಲೆಯ ಪುಟ್ಟ ಗೋಪುರಗಳು ಮಾತ್ರ ಅಲ್ಲಿ ಕಾಣುವುದಿಲ್ಲ. ಅವಶೇಷಗಳಲ್ಲಿ ಗುಡಿಯದೇ ಒಂದು ಚಿಕ್ಕ ಕಲ್ಲಿನ ಮಾದರಿ ಸಿಕ್ಕಿತ್ತು. ಅದನ್ನು ನೋಡಿ ಬೆಗ್ಲರ್ ಅವನ್ನು ನಿಲ್ಲಿಸಿದರು. ಹೊರಮೈ ಗಾರೆ, ಅಲಂಕಾರದಲ್ಲಿ ಬಹಳಷ್ಟು 19ನೇ ಶತಮಾನದ್ದು. ದುರಸ್ತಿ ಅತಿಯಾಯಿತು ಎಂದು ಆಗಲೇ ಟೀಕೆ ಬಂದಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಆ ಟೀಕೆಯಲ್ಲಿ ಹುರುಳಿದೆ, ಆದರೆ ಅವರು ಕೈಯಿಡದಿದ್ದರೆ ಇವತ್ತು ಅಲ್ಲಿ ಇಟ್ಟಿಗೆಯ ದಿಬ್ಬ ಇರುತ್ತಿತ್ತು.

ಶೈವ ಮಹಂತರು ಇಲ್ಲಿಗೆ ಹೇಗೆ ಬಂದರು? ಈಗ ಗುಡಿ ಯಾರ ಕೈಯಲ್ಲಿದೆ?

1590ರಲ್ಲಿ ಘಮಂಡಿ ಗಿರಿ ಎಂಬ ಶೈವ ಸನ್ಯಾಸಿ ಇಲ್ಲಿ ಮಠ ಕಟ್ಟಿದರು. ಆ ಮಠದ ಮುಖ್ಯಸ್ಥರೇ ಮಹಂತರು. ಖಾಲಿಯಾಗಿದ್ದ ಜಾಗ ನಿಧಾನವಾಗಿ ಮಠದ ವಶಕ್ಕೆ ಬಂತು. 1891ರಲ್ಲಿ ಲಂಕೆಯ ಅನಾಗಾರಿಕ ಧರ್ಮಪಾಲ ಬಂದು ನೋಡಿ, ಗುಡಿ ಬೌದ್ಧರಿಗೆ ಸಿಗಬೇಕೆಂದು ಮಹಾಬೋಧಿ ಸೊಸೈಟಿ ಕಟ್ಟಿದರು. 1895ರಲ್ಲಿ ಜಪಾನಿನ ಬುದ್ಧ ಮೂರ್ತಿಯೊಂದನ್ನು ಗುಡಿಯೊಳಗೆ ಇಡಲು ಹೋದಾಗ ಗಲಾಟೆಯಾಗಿ ಕೋರ್ಟು ಹತ್ತಿತು. ಸ್ವಾತಂತ್ರ್ಯ ಬಂದ ಮೇಲೆ 1949ರ ಕಾಯ್ದೆಯಲ್ಲಿ ಸಮಿತಿ ರಚಿಸಿದರು. ನಾಲ್ವರು ಬೌದ್ಧರು, ನಾಲ್ವರು ಹಿಂದೂಗಳು, ಜಿಲ್ಲಾಧಿಕಾರಿ ಅಧ್ಯಕ್ಷರು. 1953ರಲ್ಲಿ ಆಡಳಿತ ಸಮಿತಿಯ ಕೈಗೆ ಬಂತು. ಪೂರ್ತಿ ಆಡಳಿತ ಬೌದ್ಧರಿಗೇ ಕೊಡಿ ಎಂಬ ಒತ್ತಾಯ ಇನ್ನೂ ಇದೆ. 2025ರಲ್ಲಿ ಭಿಕ್ಷುಗಳು ದೊಡ್ಡ ಪ್ರತಿಭಟನೆ ನಡೆಸಿದರು.

ಇದೇ ರೂಪದ ಗುಡಿ ಬೇರೆಲ್ಲಾದರೂ ಇದೆಯೇ?

ಬರ್ಮಾದ ಬಗಾನ್‌ನಲ್ಲಿ 13ನೇ ಶತಮಾನದ್ದಿದೆ. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ವಾಟ್ ಚೆಟ್ ಯೋಟ್, ಬೀಜಿಂಗ್‌ನಲ್ಲಿ 1473ರ ಐದು ಗೋಪುರದ ಗುಡಿ, ನೇಪಾಳದ ಪಾಟನ್‌ನಲ್ಲಿ ಮಹಾಬೌದ್ಧ, ಎಲ್ಲವೂ ಇದನ್ನೇ ನೆನೆದು ಕಟ್ಟಿದವು. ಯಾತ್ರಿಕರು ಗುಡಿಯ ಪುಟ್ಟ ಕಲ್ಲಿನ ಮಾದರಿಗಳನ್ನು ಊರಿಗೆ ಒಯ್ಯುತ್ತಿದ್ದರು. ರೂಪ ಹೀಗೂ ಹರಡಿತು. ಬೆಂಗಳೂರಿನ ಗಾಂಧಿನಗರದಲ್ಲಿ, 1956ರಲ್ಲಿ ಶುರುವಾದ ಮಹಾಬೋಧಿ ಸೊಸೈಟಿಯ ಆವರಣದಲ್ಲೂ ಇದರ ಮಾದರಿಯ ಗುಡಿ ಇದೆ. ಯಾತ್ರೆಗೆ ಹೊರಡುವ ಮುಂಚೆ ಒಮ್ಮೆ ನೋಡಿ ಹೋಗಿ.

ತುದಿಯಲ್ಲಿ ಹೊಳೆಯುವುದು ನಿಜವಾದ ಚಿನ್ನವೇ?

ಹೌದು. 2013ರಲ್ಲಿ ಥಾಯ್ಲೆಂಡಿನ ರಾಜ ಮತ್ತು ಭಕ್ತರು ಕೊಟ್ಟ ಸುಮಾರು 290 ಕೆ.ಜಿ. ಚಿನ್ನವನ್ನು ಗೋಪುರದ ತುದಿಗೆ ಹೊದಿಸಿದರು.

80 ಅಡಿಯ ದೊಡ್ಡ ಬುದ್ಧ ಇದೇ ಗುಡಿಯಲ್ಲಿದೆಯೇ?

ಇಲ್ಲ. ಅದು 1989ರಲ್ಲಿ ಪ್ರತಿಷ್ಠೆಯಾದ ಹೊಸ ಮೂರ್ತಿ. ಊರಿನಲ್ಲೇ, ಬೇರೆ ಜಾಗದಲ್ಲಿದೆ.

ಯಾವಾಗ ಹೋಗಬೇಕು? ಎಷ್ಟು ಹೊತ್ತು ಬೇಕು?

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯದು. ಮೇ, ಜೂನ್ ಬಿಸಿಲು ತಡೆಯಲಾಗದು. ಚಳಿಗಾಲದಲ್ಲಿ ಜನ ಜಾಸ್ತಿ. ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ ಭಿಕ್ಷುಗಳೂ ಪ್ರಾರ್ಥನೆಗೆ ಆಗ ಬರುತ್ತಾರೆ, ಕನ್ನಡ ಮಾತಾಡುವವರು ಸಿಕ್ಕರೂ ಸಿಕ್ಕಾರು. ಬೆಳಗಿನ ಜಾವ ಹೋಗಿ. ಮೊಬೈಲ್ ಒಳಗೆ ಬಿಡುವುದಿಲ್ಲ, ಹೊರಗಿನ ಕೌಂಟರಿನಲ್ಲಿ ಇಡಬೇಕು. ಮೊದಲು ಪೂರ್ವದಿಂದ ಗೋಪುರ, ಆಮೇಲೆ ಬೇಲಿ, ಹಿಂದೆ ವಜ್ರಾಸನ ಮತ್ತು ಮರ, ಉತ್ತರದಲ್ಲಿ ಬುದ್ಧ ನಡೆದಾಡಿದ ಜಾಗಕ್ಕೆ ಕಮಲಗಳನ್ನು ಕೆತ್ತಿದ ಕಟ್ಟೆ, ಕೊನೆಗೆ ಮ್ಯೂಸಿಯಂ. ಅರ್ಧ ದಿನ ಬೇಕೇ ಬೇಕು. ಟೂರಿನವರ ಜೊತೆ ಇದ್ದರೆ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಸಂಜೆ ಸಮಯ ಉಳಿದರೆ ನದಿಯ ಆಚೆ ಬಕ್ರೌರ್‌ನಲ್ಲಿ ಸುಜಾತೆಯ ಹೆಸರಿನ ಇಟ್ಟಿಗೆ ಸ್ತೂಪ ಇದೆ, ಆಟೋದವರು ಕರೆದುಕೊಂಡು ಹೋಗುತ್ತಾರೆ.